ಪಾಳಿ ಬಂದಾಗ ಹೋಗೂದು

ದೇವರಗುಡ್ಡದ ಕಾರ್ಣಿಕ ನೋಡಿದವ್ರಿಗೆ ಗೊತ್ತಿರ್ತೇತಿ. ರಾಣೆಬೆನ್ನೂರು ತಾಲೂಕು, ದಸರಾದ ಹೊತ್ತು, ಉಪವಾಸ ಇದ್ದ ಗೊರವಯ್ಯ ಬಿಲ್ಲು ಏರಿ ನಿಂತು "ಸದ್ದಲೇ" ಅಂತಾನ, ಅಷ್ಟೂ ಜಾತ್ರಿ ಮಂದಿ ಗಪ್ ಆಗ್ತಾರ, ಮುಂದಿನ ದಿನಮಾನದ ಭವಿಷ್ಯ ಅಂತ ಒಂದ ಒಂದು ಮಾತು ನುಡೀತಾನ, ಕೆಳಗ ಬೀಳ್ತಾನ, ಮುಗೀತು. ಅಲ್ಲಿಂದ ನಮ್ಮ ಮಂದಿ ಕೆಲಸ ಚಾಲೂ. ರೈತರು ಆ ಮಾತನ್ನ ಮಳಿಗೆ ಹಚ್ಚತಾರ, ರಾಜಕೀಯದವ್ರು ಖುರ್ಚಿಗೆ ಹಚ್ಚತಾರ, ವ್ಯಾಪಾರಸ್ಥರು ರೇಟಿಗೆ ಹಚ್ಚತಾರ, ಟೀವಿಯವ್ರು ಮೂರಕ್ಕೂ ಹಚ್ಚಿ ಸಂಜಿತನಕ ಜಗ್ಗತಾರ. ಧಾರವಾಡ ಕಡೆ ಹನುಮನಕೊಪ್ಪದಾಗ ಯುಗಾದಿಗೆ ಗೊಂಬಿ ಭವಿಷ್ಯ ಐತಿ, ಅಲ್ಲೂ ಇದ ಕತಿ.

ನಾ ಮೂಲ ಬೆಟಗೇರಿಯಾವ, ಈಗ ಸುಮಾರು ವರ್ಷದಿಂದ ಜರ್ಮನಿಯೊಳಗ ಸ್ಟುಟ್‌ಗಾರ್ಟ್ ಬಾಜೂಕ ಇದ್ದೇನಿ, ಕಾರಿನ ಸಾಫ್ಟ್‌ವೇರ್ ಕೆಲಸ. ಇಲ್ಲೂ ಕಾರ್ಣಿಕ ಐತ್ರಿ, ಬಿಲ್ಲು ಒಂದ ಇಲ್ಲ. 1963ರಿಂದ ಸರ್ಕಾರ ಐದು ಮಂದಿ ಅರ್ಥಶಾಸ್ತ್ರಜ್ಞರ ಮಂಡಳಿ ಇಟ್ಟುಕೊಂಡೈತಿ, ಮಂದಿ ಅವರಿಗೆ ಐದು ಶಾಣ್ಯಾರು ಅಂತ ಕರೀತಾರ, ಪ್ರತಿ ವರ್ಷ ನವೆಂಬರ್ ಸುಮಾರಿಗೆ ಅವ್ರದೊಂದು ದಪ್ಪನ ವರದಿ ಬರ್ತೇತಿ, ಮುಂದಿನ ವರ್ಷ ಎಷ್ಟು ಪರ್ಸೆಂಟ್ ಬೆಳಿತೇತಿ ಅಂತ ಹೇಳ್ತಾರ, ಆಮ್ಯಾಲೆ ಒಬ್ಬೊಬ್ಬರು ತಮಗ ಬೇಕಾದಂಗ ಅರ್ಥ ಮಾಡ್ಕೋತಾರ. 2023ರಾಗ ಜರ್ಮನಿ ಆರ್ಥಿಕತೆ ಕುಗ್ಗಿತು, 2024ರಾಗ ಮತ್ತ ಕುಗ್ಗಿತು. ಹೊಳ್ಳಿ ಮ್ಯಾಲೆ ಏಳೂದು ಯಾವಾಗ ಅಂತ ಕ್ಯಾಂಟೀನ್‌ನ್ಯಾಗ ದಿನಾ ಚರ್ಚಾ. ಊರಿಂದ ಫೋನ್ ಬಂದ್ರೂ ಅದ, "ನಿಮ್ಮಲ್ಲೆ ನೌಕ್ರಿ ಹೆಂಗೈತ್ಯೋ ತಮ್ಮಾ, ಟೀವ್ಯಾಗ ಏನೇನೋ ಹೇಳಾಕತ್ತಾರಲ್ಲ."

ನನಗ ಕಾರ್ಣಿಕದ ಮ್ಯಾಲೆ ಸಿಟ್ಟಿಲ್ಲ, ಐದು ಶಾಣ್ಯಾರ ಮ್ಯಾಲೂ ಇಲ್ಲ. ನಾ ಹೇಳೂದು ಕಾರ್ಣಿಕದ ಮರುದಿನದ ಸುದ್ದಿ. ಮರುದಿನ ರೈತ ಏನ್ ಮಾಡ್ತಾನ? ನುಡಿ ಛಲೋ ಬಂದಿರ್ಲಿ, ಕೆಟ್ಟ ಬಂದಿರ್ಲಿ, ಹಿಂಗಾರಿ ಹದ ಸಿಕ್ತಂದ್ರ ಕೂರಿಗಿ ಹೂಡ್ತಾನ. ಎರಿ ಹೊಲದಾಗ ಬಿಳಿಜೋಳ, ಒಂದಿಷ್ಟು ಕಡ್ಲಿ, ದಂಡಿಗುಂಟ ಕುಸುಬಿ, ಯಾಕಂದ್ರ ಕುಸುಬಿ ಮುಳ್ಳಿಗೆ ದನ ಒಳಗ ಬರಂಗಿಲ್ಲ. ಜೋಳ ಹೋದ್ರ ಕಡ್ಲಿ, ಕಡ್ಲಿ ಹೋದ್ರ ಕುಸುಬಿ ಎಣ್ಣಿ. "ಬಂದ್ರ ಮಗಿ, ಇಲ್ಲಂದ್ರ ಹೊಗಿ" ಅಂತ ಮಳಿ ಬಗ್ಗೆ ಗಾದಿ ಕಟ್ಟಿದ ಮಂದಿನ ಇವ್ರು. ಮಗಿ ಮಳಿ ಬರೂದು ಗ್ಯಾರಂಟಿ ಇಲ್ಲ ಅಂತ ಅವ್ರಿಗೆ ಗೊತ್ತೈತಿ, ಅದಕ್ಕ ಗ್ಯಾರಂಟಿ ಹುಡುಕ್ಕೋತ ಕುಂದ್ರಂಗಿಲ್ಲ.

ಈಗಿನ ದಿನಮಾನದಾಗ "ಮನಸ್ಸು ಗಟ್ಟಿ ಮಾಡ್ಕೋರಿ, ಪಾಸಿಟಿವ್ ಇರ್ರಿ" ಅಂತ ಹೇಳೋ ವಿಡಿಯೋ ಬರೂದು ಹೆಚ್ಚಾಗೈತಿ, ನಮ್ಮ ಫ್ಯಾಮಿಲಿ ಗ್ರೂಪ್‌ನ್ಯಾಗಂತೂ ಮುಂಜಾನಿ ಹೊತ್ತು ಏಳೂದರಾಗ ನಾಲ್ಕು ಬಂದಿರ್ತಾವು. ನನಗನಸ್ತೇತಿ, ಮನಸ್ಸು ಒಂದ ಕುಂತು ಗಟ್ಟಿ ಆಗಂಗಿಲ್ಲ. ಇಂಥಾ ದಿನ, ಇಂಥಾ ಹೊತ್ತಿಗೆ, ಇಂಥಾ ಕಡೆ ನೀವು ಬರ್ತೀರಿ ಅಂತ ನಾಲ್ಕು ಮಂದಿ ಕಾಯ್ತಿದ್ರ, ಬರ್ಲಿಲ್ಲಂದ್ರ "ಯಾಕ ಬರ್ಲಿಲ್ಲ" ಅಂತ ಕೇಳ್ತಿದ್ರ, ಅವಾಗ ಮನಷಾ ಉಳಕೋತಾನ. ಇದನ್ನ ನಾ ಎರಡೂ ಕಡೆ ನೋಡೇನಿ. ಅವರು ಮಾಡೂದು ಬ್ಯಾರೆ ನಮೂನಿ, ನಾವು ಮಾಡೂದು ಬ್ಯಾರೆ ನಮೂನಿ, ಎರಡರಾಗೂ ತೂತು ಅದಾವು.

ಮೊದ್ಲ ಇಲ್ಲಿದು ಹೇಳ್ತೇನಿ. ಕಾರಿನ ಧಂದೆ ಈಗ ಕುಸದೈತಿ, ಗುಟ್ಟೇನಿಲ್ಲ. 2024ರ ಡಿಸೆಂಬರ್‌ದಾಗ ಫೋಕ್ಸ್‌ವ್ಯಾಗನ್ 2030ರೊಳಗ 35,000ಕ್ಕಿಂತ ಜಾಸ್ತಿ ಹುದ್ದೆ ಕಡಿಮಿ ಮಾಡೂದಕ್ಕ ಒಪ್ಪಂದ ಮಾಡ್ಕೊಂತು, 2025ರ ಸೆಪ್ಟೆಂಬರ್‌ದಾಗ ಬಾಷ್ ಇನ್ನೂ 13,000 ಅಂತು. ಸಣ್ಣ ಸಣ್ಣ ಕಂಪನಿಗಳಂತೂ ಪೇಪರ್‌ಗೂ ಬರಂಗಿಲ್ಲ. ನಮ್ಮ ಬಾಜೂ ಮನಿಯಾವ ಒಂದು ಬಿಡಿಭಾಗದ ಫ್ಯಾಕ್ಟರಿಯೊಳಗ ಮಷಿನ್ ಮ್ಯಾಲೆ ಕೆಲಸ ಮಾಡ್ತಾನ, ಒಂದಿನ ಕಸದ ಡಬ್ಬಿ ಹೊರಗ ಇಡಾಕ ಬಂದಾಗ "ನಮ್ಮಲ್ಲೆ ಮುಂದಿನ ತಿಂಗಳಿಂದ ಕುರ್ಟ್ಸ್‌ಆರ್ಬೈಟ್" ಅಂದ. ಮಳಿ ಬರೂ ಹಂಗೈತಿ ಅಂತ ಹೇಳಿದಷ್ಟ ಹಗೂರ ಹೇಳಿದ.

ಅದು ಏನಪಾ ಅಂದ್ರ, ಆರ್ಡರ್ ಕಡಿಮಿ ಆದಾಗ ಮಾಲಕ ಮಂದೀನ ಮನಿಗೆ ಕಳಸೂ ಬದಲಿ ಎಲ್ಲಾರ ಕೆಲಸದ ತಾಸು ಕಡಿಮಿ ಮಾಡ್ತಾನ, ಕೈಗೆ ಬರೂ ಪಗಾರದಾಗ ಎಷ್ಟು ಖೋತಾ ಆತೋ ಅದರಾಗ 60 ಪರ್ಸೆಂಟ್, ಮಕ್ಕಳಿದ್ದವ್ರಿಗೆ 67 ಪರ್ಸೆಂಟ್, ಸರ್ಕಾರದ ಉದ್ಯೋಗ ಇಲಾಖೆಯ ವಿಮಾ ರೊಕ್ಕದಾಗಿಂದ ತುಂಬತಾರ. 2020ರ ಏಪ್ರಿಲ್‌ದಾಗ, ಕೊರೊನಾ ಶುರುವಾದಾಗ, ಸುಮಾರು 60 ಲಕ್ಷ ಮಂದಿ ಇದರಾಗ ಇದ್ರು. ಪೂರ್ತಿ ನೌಕ್ರಿ ಹೋದ್ರೂ ಅಷ್ಟ ಪರ್ಸೆಂಟಿನ ಲೆಕ್ಕದಾಗ ಭತ್ಯೆ, 50 ವರ್ಷದ ಒಳಗಿನವ್ರಿಗೆ ಹೆಚ್ಚಂದ್ರ 12 ತಿಂಗಳು. ಯಾರ ಉಪಕಾರಾನೂ ಅಲ್ಲ, ನಿನ್ನ ಪಗಾರದಾಗಿಂದ ತಿಂಗಳಾ ಮುರಕೊಂಡದ್ದು, ಹೊಳ್ಳಿ ಬರ್ತೇತಿ. ಅದಕ್ಕ ಮುಖಾ ಮುಚ್ಚಿಕೊಳ್ಳೂ ಕಾರಣಾನ ಇಲ್ಲ.

ಅದ ಮನಷ್ಯಾ ವಾರಕ್ಕೊಮ್ಮೆ ಸಂಜಿಕ ಊರಿನ ಫೈರ್ ಬ್ರಿಗೇಡ್ ಪ್ರಾಕ್ಟೀಸಿಗೆ ಹೋಗ್ತಾನ. ಈ ದೇಶದಾಗ ದೊಡ್ಡ ಶಹರ ಬಿಟ್ರ ಉಳಿದ ಕಡೆ ಬೆಂಕಿ ಆರಸೋರು ಪಗಾರದ ನೌಕರರಲ್ಲ, ಊರ ಮಂದಿನ, ಸುಮಾರು 10 ಲಕ್ಷ ಮಂದಿ ಹಿಂಗ ಪುಕ್ಕಟೆ ಮಾಡ್ತಾರ. ಬಡಿಗ್ಯಾ, ಬೇಕರಿಯಾವ, ಬ್ಯಾಂಕಿನಾಕಿ, ಇವನಂಗ ಮಷಿನ್ ಆಪರೇಟರ್. ಪೇಜರ್ ಕೂಗಿತಂದ್ರ ಕೆಲಸ ಅರ್ಧಕ್ಕ ಬಿಟ್ಟು ಓಡಬೇಕು, ಮಾಲಕ ಬಿಡಬೇಕು ಅಂತ ಕಾಯ್ದೆನ ಐತಿ. ಫ್ಯಾಕ್ಟರಿಯಾಗ ತಾಸು ಕಡಿಮಿ ಆದಮ್ಯಾಲೆ ಅವ ಅಲ್ಲೆ ಪೈಪು ಒಣಗಿಸೂದು, ಗಾಡಿ ತೊಳಿಯೂದು, ಹುಡುಗರಿಗೆ ಹಗ್ಗದ ಗಂಟು ಕಲಸೂದು ಜಾಸ್ತಿ ಮಾಡಾಕತ್ತ. ನಾ ಒಮ್ಮೆ ಕೇಳಿದೆ, ನಿನಗ ಟೆನ್ಶನ್ ಆಗೂದಿಲ್ಲೇನಪಾ ಅಂತ. ಆಗ್ತೇತಿ, ರಾತ್ರಿ ನಿದ್ದಿ ಬರಂಗಿಲ್ಲ ಅಂದ, ಆದ್ರ ಪ್ರಾಕ್ಟೀಸಿಗೆ ನಾ ಹೋಗಲಿಲ್ಲಂದ್ರ ಕೀಲಿ ಯಾರ ತಗೀಬೇಕು ಅಂದ. ಕೀಲಿ ಇವನ ಕಡೆ ಇರ್ತೇತಂತ.

ಇಂಥಾ ಸಂಘ-ಸಂಸ್ಥೆ ಇಲ್ಲಿ 6 ಲಕ್ಷಕ್ಕೂ ಜಾಸ್ತಿ ಅದಾವು, ನೋಂದಣಿ ಆಗಿದ್ದಷ್ಟ. ಹಾಡೋರ ಸಂಘ, ಪಾರಿವಾಳ ಸಾಕೋರ ಸಂಘ, ಹಣ್ಣಿನ ಗಿಡ ಕತ್ತರಿಸೋರ ಸಂಘ, ನಗಬ್ಯಾಡ್ರಿ, ಖರೇನ ಐತಿ. ನಮ್ಮ ಊರಿನ ಆಟದ ಸಂಘದಾಗ ನಮ್ಮ ಹುಡುಗ ಹೋಗ್ತಾನ ಅಂತ ನಮಗೂ ಪಾಳಿ ಬರ್ತೇತಿ. ವರ್ಷದ ಜಾತ್ರಿಗೆ ಗ್ವಾಡಿ ಮ್ಯಾಲೆ ಒಂದು ಹಾಳಿ ಹಚ್ಚತಾರ, ಅದರಾಗ ನನ್ನ ಹೆಸರು, ಮುಂದ "ಶನಿವಾರ 2ರಿಂದ 4, ಪಾತ್ರಿ". ಎರಡು ಹೊಡದಾಗ ಒಬ್ಬ ಮುದುಕ ಪೆನ್ಸಿಲ್ ಹಿಡಕೊಂಡು ನಿಂತಿರ್ತಾನ, ಬಂದವ್ರ ಹೆಸರಿನ ಮುಂದ ಗೀಟು ಹಾಕ್ತಾನ. ಎಷ್ಟೋ ಸಂಘದಾಗ ವರ್ಷಕ್ಕ ಇಷ್ಟು ತಾಸು ಮೈಮುರದು ಮಾಡಬೇಕು, ಇಲ್ಲಂದ್ರ ತಾಸಿಗೆ ಇಷ್ಟು ರೊಕ್ಕ ತುಂಬಬೇಕು ಅಂತ ನಿಯಮ. ನಮ್ಮ ಮಂದಿಗೆ ಹೇಳಿದ್ರ "ಇದೇನು ಸೇವಾನೋ ದಂಡಾನೋ" ಅಂತಾರ. ನನಗ ಅದು ಸೇರ್ತೇತಿ. ಪ್ರೀತಿ ಇದ್ದಾಗ ಮಾಡೂದು, ಬ್ಯಾಸರಾದಾಗ ಬಿಡೂದು ಅಂದ್ರ ಬ್ಯಾಸರದ ಕಾಲದಾಗ ಯಾವುದೂ ಉಳಿಯಂಗಿಲ್ಲ, ಬ್ಯಾಸರದ ಕಾಲಕ್ಕಂತನ ಹಾಳಿ ಹಚ್ಚಿರೂದು.

ಇನ್ನ ನಮ್ಮ ಕಡೆದು.

ನಮ್ಮ ಮಾಮಾನ ಮಗ ಒಬ್ಬ, ಬೆಂಗಳೂರಾಗ ಐಟಿ ಕಂಪನಿಯೊಳಗ ಇದ್ದ. ಒಂದಿನ ಮೀಟಿಂಗ್‌ನ್ಯಾಗ ಕರದು ಸಂಜಿಕ ಲ್ಯಾಪ್‌ಟಾಪ್ ಆಕ್ಸೆಸ್ ಬಂದ್ ಮಾಡಿದ್ರು. ಅವ ಗದಗಿಗೆ ಬಂದ, ಮನ್ಯಾಗ "ವರ್ಕ್ ಫ್ರಮ್ ಹೋಮ್ ಕೊಟ್ಟಾರ" ಅಂದ. ಮುಂಜಾನೆ ಒಂಬತ್ತಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡು ತನ್ನ ಸ್ವಂತದ ಹಳೇ ಲ್ಯಾಪ್‌ಟಾಪ್ ತಗದು ಕುಂದ್ರೂದು, ಕಿವಿಗೆ ಹೆಡ್‌ಫೋನ್, ಅತ್ತಿ ಚಾ ತಗೊಂಡು ಬಂದ್ರ ಕೈ ಸನ್ನಿ ಮಾಡಿ "ಕಾಲ್‌ನ್ಯಾಗ ಅದೇನಿ" ಅನ್ನೂದು. ಎಷ್ಟೋ ವಾರ ಹಿಂಗ ನಡೀತು. ಕಾಲೂ ಇಲ್ಲ ಏನೂ ಇಲ್ಲ, ಸ್ಕ್ರೀನ್ ಮ್ಯಾಲೆ ಬರೇ ನೌಕ್ರಿ ಸೈಟು. ಗೊತ್ತಾಗಿದ್ದು ಹೆಂಗಂದ್ರ, ಅವ ತಿಂಗಳಾ ಅತ್ತಿಗೆ ಕೊಡ್ತಿದ್ದ ರೊಕ್ಕ ನಿಂತು, ಅತ್ತಿ ಭಿಶಿ ಕಂತು ತುಂಬಾಕ ಆಗದಂಗಾತು.

ಭಿಶಿ ಗೊತ್ತಿಲ್ಲದವ್ರಿಗೆ ಹೇಳ್ತೇನಿ. ಓಣ್ಯಾಗಿನ ಹನ್ನೆರಡು ಹೆಣ್ಮಕ್ಕಳು ಕೂಡಿ ತಿಂಗಳಿಗೆ ತಲಿಗೆ ಎರಡು ಸಾವಿರ ಹಾಕ್ತಾರ, ತಿಂಗಳಾ ಒಬ್ಬೊಬ್ಬರ ಮನ್ಯಾಗ ಕೂಡ್ತಾರ, ಗಿರ್ಮಿಟ್ ಚಾ ಆಗ್ತೇತಿ, ಸ್ಟೀಲಿನ ಡಬ್ಬ್ಯಾಗ ಹೆಸರಿನ ಚೀಟಿ ಹಾಕಿ ಸಣ್ಣ ಕೂಸಿನ ಕಡಿಂದ ಎತ್ತಸ್ತಾರ, ಯಾರ ಹೆಸರು ಬಂತೋ ಅಷ್ಟೂ ರೊಕ್ಕ ಆಕಿಗೆ. ಬ್ಯಾಂಕ್ ಇಲ್ಲ, ಬಡ್ಡಿ ಇಲ್ಲ, ಸಹಿ ಇಲ್ಲ, ಒಂದು ಗೆರಿ ಹೊಡೆದ ನೋಟ್‌ಬುಕ್ ಐತಿ. ಅತ್ತಿ ಅವತ್ತು ಹೋಗಿ, ನಾ ಈ ಸಲ ಭಿಶಿ ಬಿಡ್ತೇನ್ರೆವ್ವ ಅಂದ್ಲಂತ. ಯಾಕ ಏನು ಅಂತ ಹನ್ನೊಂದು ಮಂದಿ ಹನ್ನೊಂದು ನಮೂನಿ ಕೇಳೂದರಾಗ ಆಕಿಗೆ ಅಳು ಬಂದು ಎಲ್ಲಾ ಹೊರಗ ಬಿತ್ತು. ರೊಟ್ಟಿ ಮಾಡಿ ಖಾನಾವಳಿಗೆ ಹಾಕೋ ಒಬ್ಬ ಬಾಯಿ ಅದಾಳ, ಆಕಿ ಡಬ್ಬಿ ಮುಚ್ಚಳಾ ಮುಚ್ಚಿ, "ಈ ತಿಂಗಳ ಚೀಟಿ ಎತ್ತೂದು ಬ್ಯಾಡ, ಅಕ್ಕಾಗ ಕೊಡ್ರಿ, ಮುಂದ ಕಂತು ಆದಂಗ ತುಂಬ್ಲಿ" ಅಂದ್ಲು. ಒಬ್ಬಾಕಿ ಗೊಣಗಿದ್ಲು, ಆಕಿಗೂ ಆ ತಿಂಗಳ ಬೇಕಾಗಿತ್ತು, ಮಗಳ ಫೀ ಇತ್ತು. ಆದ್ರೂ ಕೊಟ್ರು.

ಅಷ್ಟಕ್ಕ ಮುಗಿಲಿಲ್ಲ. ಮರುದಿನ ಅವರೊಳಗ ಒಬ್ಬಾಕಿ ಗಂಡ ಮನಿಗೆ ಬಂದ. ಗದಗಿನಾಗ ಪ್ರಿಂಟಿಂಗ್ ಪ್ರೆಸ್ ಎಷ್ಟು ಅದಾವು ನಿಮಗ ಗೊತ್ತ ಐತಿ, ಅವಂದೂ ಒಂದು ಸಣ್ಣ ಪ್ರೆಸ್. "ತಮ್ಮಾ ನಮ್ಮ ಲೆಕ್ಕ ಎಲ್ಲಾ ಹಾಳ್ಯಾಗ ಐತಿ, ಕಂಪ್ಯೂಟರ್‌ನ್ಯಾಗ ಹಾಕಿಕೊಡು ಬಾ, ನಾ ಬೆಂಗಳೂರು ಪಗಾರ ಕೊಡಾಂವಲ್ಲ ಮತ್ತ." ಹುಡುಗ ಮೊದ್ಲ ಮಾರಿ ಕೊಡ್ಲಿಲ್ಲ. ಆಮ್ಯಾಲೆ ಹೋದ. ದಿನಾ ಮುಂಜಾನಿ ಚಪ್ಪಲಿ ಮೆಟ್ಟಿ ಹೊರಗ ಹೋಗೂ ಜಾಗಾ ಒಂದಾತು. ಈಗ ಹುಬ್ಬಳ್ಳ್ಯಾಗ ಬ್ಯಾರೆ ಕಡೆ ಅದಾನ, ಮೊದಲಿನ ಪಗಾರದ ಅರ್ಧಾನೂ ಇಲ್ಲ, ಆದ್ರ ಅದಾನ.

ಇದನ್ನ ಕೇಳಿ "ನೋಡ್ರಿ ನಮ್ಮ ಸಂಸ್ಕೃತಿ, ಪರದೇಶದಾಗ ಇದೆಲ್ಲಿ ಬರ್ಬೇಕು" ಅಂತ ಎದಿ ಉಬ್ಬಿಸೋರು ಇದ್ದ ಇರ್ತಾರ. ಒಂದ ನಿಮಿಷ. ಆ ಹುಡುಗ ಮುಚ್ಚಿಟ್ಟಿದ್ದು ಯಾಕ? ಬಾಜೂ ಮನಿ ಜರ್ಮನ್ನ ಕಸದ ಡಬ್ಬಿ ಮುಂದ ನಿಂತು ಹೇಳಿದ್ದನ್ನ ಇವ ಹೆತ್ತವ್ವನ ಮುಂದ ಹೇಳ್ಳಿಕ್ಕ ಯಾಕ ಆಗಲಿಲ್ಲ? ಭಿಶಿ ರೊಕ್ಕದ ಜೋಡಿ ಏನ್ ಬಂತಂದ್ರ, ಎರಡ ದಿನದಾಗ ಓಣಿ ತುಂಬ ಸುದ್ದಿ ಆತು, ನಡದಿದ್ದ ಒಂದು ಕನ್ಯಾದ ಮಾತುಕತಿ ತಾನ ನಿಂತಿತು, ಕಟ್ಟಿ ಮ್ಯಾಲೆ ಕುಂತ ಹಿರ್ಯಾರು "ಅವಾಗ ಸರ್ಕಾರಿ ನೌಕ್ರಿ ಹಿಡಿ ಅಂದ್ರ ಕೇಳ್ಲಿಲ್ಲ" ಅಂತ ಹೋಗೂಮುಂದ ಬರೂಮುಂದ ಚುಚ್ಚಿದ್ರು. ನಮ್ಮ ಕಡೆ ಸಹಾಯ ಬರ್ತೇತಿ, ಆದ್ರ ಡೊಳ್ಳು ಬಾರಿಸ್ಕೊಂತ ಬರ್ತೇತಿ. ಮತ್ತ ಭಿಶಿಯೊಳಗ ಯಾರಿರ್ತಾರ? ಅದ ಓಣಿ, ಹೆಚ್ಚು ಕಡಿಮಿ ಅದ ಜಾತಿ, ತಿಂಗಳಿಗೆ ಎರಡು ಸಾವಿರ ತಗದು ಇಡೂ ತಾಕತ್ತು ಇದ್ದವ್ರು. ಮನಿ ಬಾಡಿಗಿ ಹಿಡದು ಹೊಸದಾಗಿ ಬಂದವ್ರನ್ನ ಯಾರೂ ಕರಿಯಂಗಿಲ್ಲ. ಈಎಸ್‌ಐ ಅನ್ನೋ ಸರ್ಕಾರಿ ವಿಮಾ ಇದ್ದ ಕಾರ್ಮಿಕರಿಗೆ ನೌಕ್ರಿ ಹೋದಾಗ ಕೆಲವು ದಿನದ ಭತ್ಯೆ ಐತಿ, ಪಗಾರ ಜಾಸ್ತಿ ಇದ್ದವ್ರಿಗೆ ಅದರಾಗ ಜಾಗಾ ಇಲ್ಲ, ಕೂಲಿಯವ್ರಿಗೆ ಅದೂ ಇಲ್ಲ. ಎಲ್ಲಾ ಭಾರ ಹೋಗಿ ಹೆಣ್ಮಕ್ಕಳ ಸ್ಟೀಲ್ ಡಬ್ಬಿ ಮ್ಯಾಲೆ.

ಇಲ್ಲಿದರಾಗೂ ತೂತು ಐತಿ ಅಂದ್ನೆಲ್ಲ, ಅದನ್ನೂ ಹೇಳಿಬಿಡ್ತೇನಿ. ನಮ್ಮ ದೇಶದವನ ಒಬ್ಬ ಗೆಳೆಯಾ, ಇಲ್ಲೆ ನೌಕ್ರಿ ಹೋತು. ತಿಂಗಳಾ ತಪ್ಪದ ಭತ್ಯೆ ಬಂತು, ಪತ್ರ ಬಂದ್ವು, ಒಂದೊಂದೂ ನಾಲ್ಕು ಪುಟ. ಪತ್ರ ಹಾಕೋ ಪೋಸ್ಟಿನಾಕಿ ಬಿಟ್ರ ಮತ್ಯಾರೂ ಬಾಗಲಾ ಬಡಿಯಲಿಲ್ಲ. ಇಲ್ಲೇ ಹುಟ್ಟಿ ಬೆಳದವ್ರಿಗೆ ಸಂಘ ಇರ್ತೇತಿ, ಕೀಲಿ ಇರ್ತೇತಿ. ಹೊರಗಿಂದ ಬಂದ ನಾವು ಆಫೀಸು, ಮನಿ, ರವಿವಾರ ಅಂದ್ರ ನಮ್ಮವ್ರ ಜೋಡಿ ಬಿಸಿಬ್ಯಾಳಿಭಾತ್, ಅಷ್ಟರಾಗ ಇರ್ತೇವಿ. ಆಫೀಸು ಹೋತಂದ್ರ ಗೂಟ ಕಿತ್ತಂಗ.

ಇನ್ನ ಒಂದು ಸಂಗತಿ ಐತಿ, ಇದನ್ನ ನಾ ಊರಾಗ ಯಾರಿಗೆ ಹೇಳಿದ್ರೂ ಕಣ್ಣು ಅಗಲಿಸ್ತಾರ. ಇಲ್ಲಿ ಹಳ್ಳಿಹಳ್ಳಿಯೊಳಗ ರೈಫೈಸನ್ ಬ್ಯಾಂಕ್ ಅಂತ ಬೋರ್ಡು ಇರ್ತಾವು. ರೈಫೈಸನ್ ಅನ್ನಾಂವ 1818ರಾಗ ಹುಟ್ಟಿದ ಮನಷ್ಯಾ, ವೇಯರ್‌ಬುಷ್ ಅನ್ನೋ ಬಡ ಊರಿಗೆ ಮೇಯರ್ ಆಗಿದ್ದ. 1846-47ರ ಚಳಿಗಾಲದಾಗ ಬೆಳಿ ಹೋಗಿ ಹಸಿವು ಬಿತ್ತು. ಇವ ಊರಾಗಿನ ಉಳ್ಳವ್ರ ಕಡೆ ರೊಕ್ಕ ಕೂಡಿಸಿ, ಧಾನ್ಯ ತರಿಸಿ, ಊರಿನದ ಒಂದು ಒಲಿ ಕಟ್ಟಿಸಿ, ಬಡವ್ರಿಗೆ ಬ್ರೆಡ್ ಉದ್ರಿ ಕೊಟ್ಟ, ಸುಗ್ಗಿ ಆದಮ್ಯಾಲೆ ಕೊಡ್ರಿ ಅಂತ. ಮುಂದ ದಾನ ಮಾಡ್ಕೋತ ಹೋದ್ರ ಬಾಳ ದಿನ ಬಾಳಂಗಿಲ್ಲ ಅಂತ ತಿಳಕೊಂಡು 1864ರಾಗ ಹೆಡ್ಡೆಸ್‌ಡಾರ್ಫ್‌ದಾಗ ರೈತರದ ಸಾಲದ ಸಂಘ ಕಟ್ಟಿದ. ಇತ್ತ 1890ರ ದಶಕದಾಗ ಮದ್ರಾಸ್ ಸರ್ಕಾರ ಫ್ರೆಡ್ರಿಕ್ ನಿಕಲ್ಸನ್ ಅನ್ನೋ ಅಧಿಕಾರಿನ ಯುರೋಪಿನ ರೈತರ ಬ್ಯಾಂಕ್ ನೋಡಿ ಬಾ ಅಂತ ಕಳಿಸಿತ್ತು, ಅವನ ವರದಿಯ ಸಾರ ಎರಡ ಮಾತಿನ್ಯಾಗ ಹೇಳ್ತಾರ, ರೈಫೈಸನ್‌ನ ಹುಡುಕ್ರಿ ಅಂತ. ಅದರ ಬೆನ್ನಿಗೆ 1904ರ ಸಹಕಾರ ಸಾಲ ಸಂಘದ ಕಾಯ್ದೆ ಬಂತು. ಕಾಯ್ದೆ ಬಂದ ಮರುವರ್ಷ, 1905ರಾಗ, ಎಲ್ಲಿ ಸಂಘ ಶುರುವಾತು? ನಮ್ಮ ಗದಗ ಬಾಜೂ ಕಣಗಿನಹಾಳದಾಗ. ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಮುಂದ ನಿಂತು ಕಟ್ಟಿದ್ದು, ಏಷ್ಯಾದಾಗ ಮೊದಲನೇ ಕೃಷಿ ಸಹಕಾರ ಸಂಘ ಅಂತ ಹೆಸರು ಪಡೀತು.

ಆ ಹೊತ್ತು ಹೆಂಗಿತ್ತು ಅಂತ ಒಂಚೂರು ನೆನಸ್ಕೋರಿ. 1876-78ರ ಬರ ನೋಡಿದ ಮಂದಿ ಇನ್ನೂ ಬದುಕಿದ್ರು. 1896-97ರಾಗ ಮತ್ತ ಬರ, 1899-1900ರಾಗ ಮತ್ತ ಬರ, ನಡುವ ಪ್ಲೇಗು. ಗದಗ ಆಗ ಧಾರವಾಡ ಜಿಲ್ಲಾದಾಗಿನ ಒಂದು ತಾಲೂಕು, ಆಳ್ವಿಕೆ ಮುಂಬೈ ಪ್ರಾಂತ್ಯದ್ದು. ಅಂಥಾ ಹೊತ್ತಿನ್ಯಾಗ ಕಣಗಿನಹಾಳದ ರೈತರು ಕೂಡಿ ಸಹಿ ಮಾಡಿದ ಕರಾರು ಏನು ಗೊತ್ತೇನ್ರಿ? ಆ ಕಾಯ್ದೆ ಪ್ರಕಾರ ಹಳ್ಳಿ ಸಂಘದಾಗ ಜವಾಬ್ದಾರಿಗೆ ಮಿತಿ ಇಲ್ಲ. ಸಂಘ ಮುಳುಗಿತಂದ್ರ ನಾ ಹಾಕಿದ ಶೇರಿನ ರೊಕ್ಕ ಅಷ್ಟ ಹೋತು ಅಂತ ಕೈ ತೊಳಕೊಳ್ಳೂ ಹಂಗಿಲ್ಲ, ಮನಿ ಹೊಲ ಮಾರಿಯಾದ್ರೂ ತುಂಬಬೇಕು. ಬಾಜೂ ಹೊಲದಾವ ಸಾಲಾ ತಗೊಂಡು ಎತ್ತು ತಂದ್ನೋ ಇಲ್ಲಾ ಮದುವಿ ಮಾಡಿದ್ನೋ ಅಂತ ನಾ ಕಣ್ಣಿಡಬೇಕು, ಯಾಕಂದ್ರ ಅವ ಮುಳುಗಿದ್ರ ನಾನೂ ಮುಳುಗತೇನಿ. ನನಗ ಇದು ಭಾಳ ದೊಡ್ಡ ಧೈರ್ಯ ಅನಸ್ತೇತಿ. ನಾಳೆ ಮಳಿ ಬರ್ತೇತೋ ಇಲ್ಲೋ ಗೊತ್ತಿಲ್ಲದ ಮಂದಿ, ಇನ್ನೊಬ್ಬನ ನಾಳೆಗೂ ತಮ್ಮ ಹೊಲಾ ಒತ್ತಿ ಇಟ್ರು. ಅದೂ ಬರೇ ಬಾಯಿಮಾತಿಲೆ ಅಲ್ಲ, ಪುಸ್ತಕದಾಗ ಬರದು, ಲೆಕ್ಕ ಎಲ್ಲಾರ ಮುಂದ ಓದಿ.

ಹಂಗಂತ ಈಗಿನ ಸೊಸೈಟಿಗಳನ್ನ ನೋಡಿ ಹೂವು ಏರಸ್ರಿ ಅನ್ನಂಗಿಲ್ಲ ನಾ. ಎಷ್ಟೋ ಕಡೆ ಅವು ಎಲೆಕ್ಷನ್ ಅಖಾಡಾ ಆಗ್ಯಾವು, ಸಾಲಮನ್ನಾ ಯಾವಾಗ ಅಂತ ಕಾಯೂದ ಒಂದು ಲೆಕ್ಕಾಚಾರ ಆಗೈತಿ. ಇಲ್ಲಿಯ ರೈಫೈಸನ್ ಬ್ಯಾಂಕೂ ಅಷ್ಟ, ಸಣ್ಣವೆಲ್ಲಾ ಕೂಡಿ ಕೂಡಿ ದೊಡ್ಡವಾಗಿ, ಹಳ್ಳಿ ಬ್ರ್ಯಾಂಚು ಮುಚ್ಚಿ, ಎಟಿಎಂ ಒಂದು ನಿಂತಿರ್ತೇತಿ. ಎಟಿಎಂ ನಿಮ್ಮ ಎತ್ತಿನ ಸುದ್ದಿ ಕೇಳಂಗಿಲ್ಲ.

ಈಗ ಬೆಂಗೇರಿ ಮಾತಾಡೂಣು, ಯಾಕಂದ್ರ ಇಲ್ಲಿತನಕ ಓದಿ ಯಾರರೆ "ಹಂಗಾದ್ರ ಎಲ್ಲಾರೂ ಭಿಶಿ ಕಟ್ಟಿಕೊಂಡು ಗಟ್ಟಿಯಾಗಿದ್ರ ಆತು" ಅಂದ್ರ ನನಗ ಸಿಟ್ಟು ಬರ್ತೇತಿ. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಾಗ ಆಗಿದ್ದು, 2006ರಿಂದ ಬಿಐಎಸ್ ಅನ್ನೋ ಗುಣಮಟ್ಟ ನೋಡೂ ಸರ್ಕಾರಿ ಸಂಸ್ಥೆಯ ಮಾನ್ಯತೆ ಇಟ್ಟುಕೊಂಡು ರಾಷ್ಟ್ರಧ್ವಜ ಮಾಡೂದು. ಕೆಲಸ ಮಾಡೋರು ಬಹಳಷ್ಟು ಹೆಣ್ಮಕ್ಕಳು. ಒಂಬತ್ತು ಅಳತಿ ಅದಾವು, 6 ಇಂಚಿಗೆ 4 ಇಂಚಿನಿಂದ ಹಿಡದು 21 ಅಡಿಗೆ 14 ಅಡಿತನಕ. ಅಶೋಕ ಚಕ್ರ ಎರಡೂ ಮಗ್ಗಲಕ್ಕ ಒಂದರ ಮ್ಯಾಲೊಂದು ಕರೆಕ್ಟ್ ಕುಂದ್ರಬೇಕು, ಒಂದು ಎಳಿ ಆಚೀಚೆ ಆದ್ರ ಆ ಬಟ್ಟಿ ಕಡಿಗೆ. ಇಂಥಾ ಕೆಲಸ. 2021ರ ಡಿಸೆಂಬರ್ 30ಕ್ಕ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಮಷಿನ್ ಧ್ವಜಕ್ಕೂ ಒಪ್ಪಿಗಿ ಕೊಟ್ರು. 2022ರ ಆಗಸ್ಟ್‌ದಾಗ ದೇಶದ ತುಂಬ ಮನಿಮನಿ ಮ್ಯಾಲೆ ಧ್ವಜ ಹಾರಿದ್ವು, ಬೆಂಗೇರಿಗೆ ಬರೂ ಆರ್ಡರ್ ಕಡಿಮಿ ಆದ್ವು.

ಈ ಅನಿಶ್ಚಿತತೆ ಮಗಿ ಮಳಿ ಅಲ್ಲ. ಒಂದು ಸಹಿ. ಮಳಿ ತಪ್ಪಿದ್ರ ತಡಕೊಳ್ರಿ ಅನಬೌದು, ಸಹಿ ತಪ್ಪಿದ್ರ ಕೇಳಬೇಕು. ಆ ಹೆಣ್ಮಕ್ಕಳಿಗೆ ಹೋಗಿ ಮನಸ್ಸು ಗಟ್ಟಿ ಮಾಡ್ಕೋರಿ ಅನ್ನೂದು ಅವಮಾನ. ಅವ್ರು ಪ್ರತಿಭಟನೆ ಮಾಡಿದ್ರು, ಮನವಿ ಕೊಟ್ರು, ಮತ್ತ ಹೊಲಿಗಿ ಮಷಿನ್ ಮುಂದೂ ಕುಂತ್ರು. ನಮ್ಮ ಕಡೆ ಇದೇನು ಹೊಸದಲ್ಲ. ನೀರಿಲ್ಲದ ಹೊಲಕ್ಕೂ ಕರ ಕಟ್ಟು ಅಂದಾಗ ನರಗುಂದ, ನವಲಗುಂದದ ರೈತರು 1980ರ ಜುಲೈ 21ಕ್ಕ ಎದ್ದು ನಿಂತ್ರು, ಗುಂಡು ತಿಂದ್ರು. 2015ರ ಜುಲೈದಾಗ ಅದ ನರಗುಂದದಾಗ ಮಹದಾಯಿ ನೀರಿಗೆ ಧರಣಿ ಕುಂತವ್ರು ವರ್ಷಗಟ್ಟಲೆ ಎದ್ದ ಇಲ್ಲ. 2018ರ ಆಗಸ್ಟ್‌ದಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಅಂತ ಬರದು ಕೊಡ್ತು, ಕಳಸಾ-ಬಂಡೂರಿ ನೀರು ಮಾತ್ರ ಮಲಪ್ರಭಾಕ್ಕ ಬಂದಿಲ್ಲ. ಸೋತವ್ರು ಅನ್ರಿ ಬೇಕಾದ್ರ, ನಾ ಅನ್ನಂಗಿಲ್ಲ. ಪೆಂಡಾಲದಾಗ ದಿನಾ ಬಂದು ಕುಂತ ಮಂದಿಗೆ ಆ ಬರಗಾಲದ ವರ್ಷದಾಗ ಮನ್ಯಾಗ ಕುಂತು ಮುಗಲ ನೋಡೂದು ತಪ್ಪಿತ್ತು.

ಮತ್ತ ಜರ್ಮನ್ನರು ಶಾಂತ ಮಂದಿ ಅಂತ ತಿಳಕೋಬ್ಯಾಡ್ರಿ. ಫೋಕ್ಸ್‌ವ್ಯಾಗನ್ ಫ್ಯಾಕ್ಟರಿಗಳನ್ನ ಮುಚ್ಚೇ ಬಿಡ್ತೇವಿ ಅಂದಿದ್ದಾಗ ಸುಮಾರು ಒಂದು ಲಕ್ಷ ಕೆಲಸಗಾರರು ಕೆಲಸ ನಿಲ್ಲಿಸಿ ಹೊರಗ ಬಂದ್ರು, ಆಮ್ಯಾಲೆ ಆದ ಒಪ್ಪಂದದಾಗ 2030ರತನಕ ಯಾರನ್ನೂ ಬಲವಂತಲೆ ತಗದು ಹಾಕಂಗಿಲ್ಲ ಅಂತ ಬರಿಸಿಕೊಂಡ್ರು. ಹುದ್ದೆ ಹೋಗೂದು ಹೋಗ್ತಾವು, ಆದ್ರ ಸಂಜಿಕ ಲ್ಯಾಪ್‌ಟಾಪ್ ಬಂದ್ ಮಾಡಿ ಕಳಸೂ ಹಂಗಿಲ್ಲ. ನಮ್ಮ ಐಟಿ ಹುಡುಗರು ಯೂನಿಯನ್ ಅಂದ್ರ ಅದು ಹಮಾಲರಿಗೆ, ಬಸ್ ಡ್ರೈವರಿಗೆ, ನಮಗಲ್ಲ ಅಂತಾರ. ಬ್ಯಾಡಗಿ ಎಪಿಎಂಸಿ ಹಮಾಲರಿಗೆ ಇರೂ ಬುದ್ಧಿ ನಮಗಿಲ್ಲ ಅಂತ ನಾ ಹೇಳಿ ಒಂದು ಮದುವ್ಯಾಗ ಬೈಸ್ಕೊಂಡೇನಿ.

ಇಲ್ಲೇ ನಮ್ಮ ಸುತ್ತಮುತ್ತಲಿನ ಕನ್ನಡ ಮಂದಿ ಒಂದಿಷ್ಟು ಮನಿಯವ್ರು ಕೂಡಿ ಈಗ ಒಂದು ಫಂಡು ಶುರು ಮಾಡೂ ವಿಚಾರದಾಗ ಅದೇವಿ. ತಿಂಗಳಾ ಎಲ್ಲಾರೂ ಇಷ್ಟಂತ ಹಾಕೂದು, ನೌಕ್ರಿ ಹೋದವ್ರಿಗೆ, ಹೊಸದಾಗಿ ಓದಾಕ ಬಂದ ಹುಡುಗರಿಗೆ ಬಡ್ಡಿ ಇಲ್ಲದ ಕೊಡೂದು, ಮತ್ತ ರೊಕ್ಕಕ್ಕಿಂತ ಮೊದ್ಲು ಅವ್ರ ಮನಿಗೆ ಹೋಗಿ ಬರೂದು, ಯಾರ ಹೋಗ್ಬೇಕು ಅಂತ ಪಾಳಿ. ಇಷ್ಟು ಸಲೀಸ ಒಪ್ಪಿಗಿ ಆತು. ಜಗಳ ಹತ್ತಿದ್ದು ಮುಂದ. ಒಬ್ರ ಹೆಂಡ್ತಿ ಜರ್ಮನ್, ಆಕಿ ಅಂತಾಳ, ನಿಯಮ ಬರೀರಿ, ಯಾರಿಗೆ ಎಷ್ಟು, ಎಷ್ಟು ತಿಂಗಳು, ಕೊಡದಿದ್ರ ಏನು, ಎಲ್ಲಾ ಬರೀರಿ, ಮತ್ತ ಯಾರು ತಗೊಂಡ್ರು ಅಂತ ಖಜಾಂಚಿ ಒಬ್ಬಗ ಬಿಟ್ಟು ಮತ್ಯಾರಿಗೂ ಗೊತ್ತಾಗಬಾರದು. ಮಂಡ್ಯ ಕಡೆಯವ್ರೊಬ್ರು ಅಂತಾರೆ, "ಅಯ್ಯೋ ಬಿಡಿ ಸಾರ್, ನಮ್ ನಮ್ಮೊಳಗೆ ಎಂಥ ಅಗ್ರಿಮೆಂಟು." ಹಾವೇರಿ ಅಕ್ಕಾವ್ರು ಅಂತಾರ, ಗೊತ್ತಾಗದಿದ್ರ ಮನಿಗೆ ಹೋಗಿ ಬರೂದು ಹೆಂಗ್ರೀ? ಆಕಿ ಮಾತೂ ಖರೇನ. ನಾ ನಿಯಮ ಬರಿಯೂ ಪಾರ್ಟಿ, ಆದ್ರ ಚೀಟಿ ಎತ್ತೂದು ಬ್ಯಾಡ, ಯಾರಿಗೆ ಗರಜು ಜಾಸ್ತಿ ಐತೋ ಅವ್ರಿಗೆ ಮೊದ್ಲು ಅಂತ ನನ್ನ ವೋಟು. ಗರಜು ಯಾರದು ಜಾಸ್ತಿ ಅಂತ ಯಾರ ಅಳೀಬೇಕು ಅಂತ ಮಂಡ್ಯದವ್ರು ಕೇಳಿದ್ರು, ನನ್ನ ಕಡೆ ಉತ್ತರ ಇದ್ದಿಲ್ಲ. ಮುಂದಿನ ರವಿವಾರ ನಮ್ಮ ಮನ್ಯಾಗ ಮತ್ತ ಕೂಡೂದೈತಿ, ಗಿರ್ಮಿಟ್ ಮಾಡಾಕ ಇಲ್ಲಿ ಚುರಮರಿ ಸಿಗವಲ್ದು, ಊರಿಂದ ಬರೂ ಯಾರ ಕೈಲಾದ್ರೂ ತರಿಸ್ಬೇಕು.